ಐದು ದಿನ ನಿಂತ ಭತ್ತ

ಮೇ ೨೪, ೧೯೯೯. ಸೋಮವಾರ

ಬೇಣದ ತಾಂಡಾ ಇವತ್ತು ಒಪ್ಪಿತು. ತಾಂಡಾ ಎಂದರೆ ಲಂಬಾಣಿಗಳ ಮೂವತ್ತೆಂಟು ಮನೆ, ಒಪ್ಪಿದ್ದು ಒಂದೇ ಮನೆ. ಆದರೂ ಸಾಕು.

ನಾನು ಮುಂಡಗೋಡಿಗೆ ಬಂದು ಮೂರು ವರ್ಷವಾಯಿತು. ಕಚೇರಿಯಲ್ಲಿ ಕೃಷಿ ಸಹಾಯಕಿ ಅಂತ ಇರುವವಳು ನಾನೊಬ್ಬಳೇ. "ದ್ರಾಕ್ಷಾಯಣಿ ಮೇಡಂ, ನಿಮಗ ಕೈತೋಟ, ಅಣಬೆ ಇಷ್ಟ ಸಾಕು. ಭತ್ತ, ಹತ್ತಿ ನಮಗ ಬಿಡ್ರಿ" ಎಂದು ಉಳಿದವರು ನಗುತ್ತಾರೆ. ಈ ವರ್ಷ ನಮ್ಮ ಅಧಿಕಾರಿ ಅಂದಾನೆಪ್ಪ ಸಾಹೇಬರ ಮುಂದೆ ಹಟ ಹಿಡಿದು ಭತ್ತದ ಪ್ರಾತ್ಯಕ್ಷಿಕೆ ನನ್ನ ಹೆಸರಿಗೆ ಬರೆಸಿಕೊಂಡಿದ್ದೇನೆ. ಹೊಸ ತಳಿ, ಸಾಲು ನಾಟಿ. ಕೂರಿಗೆಯಲ್ಲಿ ಬಿತ್ತಿ ಕೈತೊಳೆದುಕೊಳ್ಳುವ ಈ ಜನಕ್ಕೆ ನಾಟಿ ಕಲಿಸಬೇಕು.

ಸಭೆ ಹುಣಸೆಮರದ ಕೆಳಗೆ. ತಾಂಡಾದ ನಾಯಕ ಗೂಳಪ್ಪ ಎಲ್ಲ ಕೇಳಿಸಿಕೊಂಡು ಕೊನೆಗೆ ಒಂದೇ ಪ್ರಶ್ನೆ ಕೇಳಿದ.

"ಅಕ್ಕೋರ, ನಮ್ಮ ಕೆಂಪ ಬತ್ತ ದಸರಾದೊಳಗ ಕಣಕ್ಕ ಬರ್ತೈತಿ. ನಿಮ್ಮದು?"

"ದೀಪಾವಳಿ ಸುಮಾರಿಗೆ. ನೂರಾ ನಲವತ್ತೈದು ದಿನ."

"ದೀಪಾವಳಿಗೆ ದಾಂಡೇಲಿ ಅಡವಿಂದ ಆನಿ ಬರ್ತಾವ್ರಿ."

ಪುಸ್ತಕದಲ್ಲಿ ಬರೆದುಕೊಂಡೆ: 'ಆನೆ - ಸಬೂಬು.' ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಹೊಸದು ಬೇಡವೆನ್ನಲು ರೈತ ಮೊದಲು ದೇವರ ಹೆಸರು ಹೇಳುತ್ತಾನೆ, ಆಮೇಲೆ ಮಳೆಯದು, ಕೊನೆಗೆ ಕಾಡುಪ್ರಾಣಿಯದು.

ಗಂಡಸರು ಏಳತೊಡಗಿದಾಗ ಹಿಂದಿನಿಂದ ಒಬ್ಬ ಹೆಂಗಸು ಎದ್ದು ನಿಂತಳು. ಚಂಪಾಬಾಯಿ ಅಂತೆ. ನಲವತ್ತರ ಆಸುಪಾಸು, ಮೊಣಕೈವರೆಗೆ ಬಿಳಿ ಬಳೆ. "ನಮ್ಮದು ಒಂದ ಎಕ್ರೆ ಐತ್ರಿ. ಹೋಳಿ ಹುಣ್ಣಿವಿಗೆ ಮನ್ಯಾಗಿನ ಅಕ್ಕಿ ಮುಗೀತಾವು. ಆಮ್ಯಾಲೆ ಇವ್ರು ಗೋವಾಕ್ಕ ದುಡಿಯಾಕ ಹೋಗ್ತಾರ, ಬಿತ್ತೂ ಮುಂದ ಮಿರಗದ ಮಳಿಗೆ ಬರ್ತಾರ. ಇವ್ರು ಹೋಗೂದು ಬ್ಯಾಡ ಅಂದ್ರ ಎಷ್ಟ ಬತ್ತ ಬೇಕು, ಲೆಕ್ಕಾ ಮಾಡಿ ಹೇಳ್ರಿ."

ಪಕ್ಕದಲ್ಲಿದ್ದ ಗಂಡ ಹೇಮಲಪ್ಪ ನಾಚಿಕೊಂಡು ನೆಲ ನೋಡಿದ. ಎಲ್ಲರೂ ನಕ್ಕರು. ನಾನು ಅಲ್ಲೇ ಲೆಕ್ಕ ಹಾಕಿದೆ. ಈಗ ಎಂಟು-ಒಂಬತ್ತು ಕ್ವಿಂಟಲ್ ಬರುವ ಕಡೆ ಹದಿನೈದು ಬಂದರೂ ವರ್ಷವಿಡೀ ಉಂಡು ಉಳಿಯುತ್ತದೆ.

"ಹಂಗಾದ್ರ ನಮ್ಮ ಹೊಲ ಬರಕೊಳ್ರಿ" ಎಂದಳು.

ಬರುವಾಗ ಬಸ್ಸಿನಲ್ಲಿ ಕೂರಲು ಜಾಗವಿರಲಿಲ್ಲ. ನಿಂತೇ ಬಂದೆ, ಕಾಲು ನೋಯಲಿಲ್ಲ.

ಜೂನ್ ೧೮. ಶುಕ್ರವಾರ

ಸಸಿ ಮಡಿ ಆಯಿತು. ಉಪ್ಪುನೀರಿನಲ್ಲಿ ಬೀಜ ಹಾಕಿ, ತೇಲಿದ ಜೊಳ್ಳು ತೆಗೆಯುವುದನ್ನು ತೋರಿಸಿದೆ. ಹೇಮಲಪ್ಪ ತೇಲಿದ್ದನ್ನು ಚೆಲ್ಲದೆ ಕೋಳಿಗೆ ಹಾಕಿದ. ಕಡಿಮೆ ಮಾತಿನ ಮನುಷ್ಯ. ಹೇಳಿದ್ದನ್ನು ಒಂದೇ ಸಲಕ್ಕೆ ತಿಳಿದುಕೊಳ್ಳುತ್ತಾನೆ. ಇಂಥವನನ್ನು ಇಲಾಖೆಗೂ ಊರಿಗೂ ನಡುವಿನ ಸಂಪರ್ಕ ರೈತ ಮಾಡಬೇಕಿತ್ತು, ಆದರೆ ಕಚೇರಿಯ ಫಾರ್ಮಿನಲ್ಲಿ ಹೆಂಡತಿಯ ಹೆಸರು ಬರೆದಾಗಿದೆ. ಮಹಿಳೆ ಎಂದರೆ ಮೇಲಿನವರಿಗೂ ಖುಷಿ.

ಅವರ ಮಗಳು ಮೇಘಾ, ಐದನೇ ಇಯತ್ತೆ ಓದುತ್ತಾಳೆ. ನನ್ನ ಹಿಂದೆ ಹಿಂದೆ ಓಡಾಡುತ್ತ ನಾನು ಹೇಳಿದ್ದನ್ನು ತಾಂಡಾದ ಮುದುಕಿಯರಿಗೆ ಲಂಬಾಣಿಯಲ್ಲಿ ಹೇಳುತ್ತಿದ್ದಳು. ಏನು ಹೇಳಿದಳೋ, ಮುದುಕಿಯರು ಬಾಯಿ ಮುಚ್ಚಿಕೊಂಡು ನಕ್ಕರು.

ಜುಲೈ ೧೪. ಬುಧವಾರ

ನಾಟಿ. ಗೇಣಿಗೊಂದು ಗಂಟು ಹಾಕಿದ ಹಗ್ಗವನ್ನು ಈ ಬದುವಿನಿಂದ ಆ ಬದುವಿಗೆ ಹಿಡಿದು, ಗಂಟಿಗೊಂದು ಸಸಿ. ಹೆಂಗಸರು ಬಂದದ್ದು ಒಂಬತ್ತು ಜನ. ಮಧ್ಯಾಹ್ನದ ಹೊತ್ತಿಗೆ ಐವರು ಸೊಂಟ ಹಿಡಿದುಕೊಂಡು ಹೋದರು. ಚಂಪಾಬಾಯಿಯ ನಾದಿನಿ ಮಾಲವ್ವ ಹೋಗುವಾಗ ಹೇಳಿದಳು: "ಬತ್ತಾ ಹಚ್ಚೂದೋ, ಸೀರಿಗೆ ಕಸೂತಿ ಹಾಕೂದೋ?"

ನಾನೂ ಕೆಸರಿಗಿಳಿದೆ. ಸಂಜೆ ಹೇಮಲಪ್ಪ ಹಗ್ಗ ಸುತ್ತುತ್ತ, "ಅಕ್ಕೋರ, ಗೋವಾದಾಗ ಗೋಡಿ ಕಟ್ಟೂ ಮುಂದ ಹಿಂಗ ದಾರ ಹಿಡೀತೀವ್ರಿ" ಅಂದ. ಗೆರೆ ಎಳೆದಂತೆ ನಿಂತ ಸಾಲುಗಳನ್ನು ಚಂಪಾಬಾಯಿಯೂ ಸೇರಿ ಮೂವರೂ ಬಹಳ ಹೊತ್ತು ನೋಡಿದೆವು.

ಆಗಸ್ಟ್ ೨೯. ಭಾನುವಾರ

ಬರೆಯಲು ಸಮಯವೇ ಇಲ್ಲ. ಎರಡು ಕಳೆ, ಮೇಲುಗೊಬ್ಬರ ಆಯಿತು. ಬುಡಕ್ಕೆ ಹದಿನೆಂಟು, ಇಪ್ಪತ್ತು ಮರಿ ಒಡೆದಿವೆ. ನಕ್ಕವರೆಲ್ಲ ಈಗ ಬದುವಿನ ಮೇಲೆ ಬಂದು ನಿಂತು ಎಣಿಸುತ್ತಾರೆ. ಅಂದಾನೆಪ್ಪ ಸಾಹೇಬರು ಜೀಪು ನಿಲ್ಲಿಸಿ ನೋಡಿ, "ನಿವೃತ್ತಿ ಆಗೂದ್ರೊಳಗ ಇಂಥಾದ್ದೊಂದು ನೋಡಬೇಕಂತಿದ್ದೆ ತಂಗಿ" ಎಂದರು.

ಅಕ್ಟೋಬರ್ ೬. ಬುಧವಾರ

ತಾಂಡಾದಲ್ಲಿ ಕೆಂಪು ಭತ್ತದ ಕೊಯ್ಲು ಮುಗಿಯುತ್ತ ಬಂತು. ಸುತ್ತ ಎಲ್ಲ ಹೊಲ ಬೋಳು. ನಡುವೆ ಚಂಪಾಬಾಯಿಯ ಒಂದು ಎಕರೆ ಮಾತ್ರ ಹಸಿರಾಗಿ ನಿಂತಿದೆ, ಈಗಷ್ಟೇ ಹೊಡೆ ಬಿಚ್ಚಿ ತೆನೆ ಹೊರಡುತ್ತಿದೆ.

ಗೂಳಪ್ಪ ಅದನ್ನೇ ನೋಡುತ್ತ, "ಅಡವಿ ತುಂಬ ಹಸದವ್ರು, ಊರಾಗ ಒಂದ ಮನ್ಯಾಗ ಒಲಿ ಹೊತ್ತಿದಂಗಾತು" ಅಂದ. ಹೊಟ್ಟೆಕಿಚ್ಚು.

ನವೆಂಬರ್ ೯. ಮಂಗಳವಾರ

ತಾಂಡಾದ ದೀಪಾವಳಿ ನೋಡಿ ಬಂದೆ. ಹುಡುಗಿಯರು ಮನೆಮನೆಗೆ ದೀಪ ಹಿಡಿದು ಹಾಡುತ್ತ ಹೋಗಿದ್ದರಂತೆ, ಇವತ್ತು ಕಾಡಂಚಿಗೆ ಹೂವು ತರಲು ಹೊರಟಿದ್ದರು. ಮೇಘಾ ನನಗೂ ಒಂದು ಹಿಡಿ ತಂದುಕೊಟ್ಟಳು. ಹಿರಿಯರು ಹುಡುಗಿಯರನ್ನು ದೂರ ಹೋಗಬೇಡಿರೆಂದು ಕೂಗುತ್ತಿದ್ದರು. ಕಾತೂರಿನ ಕಡೆ ಆನೆ ಕಂಡಿವೆಯಂತೆ.

ಕಚೇರಿಗೆ ಬಂದರೆ ಸುದ್ದಿ: ಹದಿನಾರಕ್ಕೆ ಕ್ಷೇತ್ರೋತ್ಸವ. ಜಿಲ್ಲೆಯ ಸಾಹೇಬರೇ ನನ್ನ ಪ್ಲಾಟು ನೋಡಲು ಬರುತ್ತಾರೆ.

ನವೆಂಬರ್ ೧೧. ಗುರುವಾರ

ತೆನೆ ಬಾಗಿ ನೆಲಕ್ಕೆ ಗೇಣು ಉಳಿದಿದೆ. ಐದು ಮೀಟರ್ ಉದ್ದಗಲದ ಚೌಕ ಕೊಯ್ದು, ಬಡಿದು, ತೂಗಿದೆ. ಹದಿಮೂರೂವರೆ ಕಿಲೋ! ಎಕರೆಗೆ ಇಪ್ಪತ್ತೆರಡು ಕ್ವಿಂಟಲ್ ಬೀಳುತ್ತದೆ. ತಪ್ಪಾಯಿತೇನೋ ಎಂದು ಮತ್ತೆ ತೂಗಿದೆ. ಅಷ್ಟೇ ಬಂತು.

ಚಂಪಾಬಾಯಿ ನಾಳೆಗೆ ಆಳು ಹೇಳಲು ಮೇಲಿನ ಓಣಿಗೆ ಹೋಗಿದ್ದಳು. ಹೇಮಲಪ್ಪ ಕುಡುಗೋಲು ಮಸೆಯುತ್ತಿದ್ದ. "ನಾಳೆ ಕೊಯ್ಲ ಹಚ್ಚೂದ್ರಿ ಅಕ್ಕೋರ."

ಮಂಗಳವಾರದವರೆಗೆ ತಡೆ ಎಂದೆ. ಕೊಯ್ದ ಹೊಲದಲ್ಲಿ ಸಾಹೇಬರಿಗೆ ತೋರಿಸಲು ಏನಿರುತ್ತದೆ? ನಿಂತ ಪೈರನ್ನೇ ನೋಡಬೇಕು. ಅವನು ಕುಡುಗೋಲು ಕೆಳಗಿಟ್ಟು ಕಾಡಿನ ಕಡೆ ನೋಡಿದ. ಆಗ ವಿಷಯ ಹೇಳಿದೆ. ಅವತ್ತು ಶಾಮಿಯಾನಾ ಹಾಕಿ, ಚಂಪಾಬಾಯಿಯನ್ನು ವೇದಿಕೆಯಲ್ಲಿ ಕೂಡಿಸಿ, ಸೀರೆ ಕೊಟ್ಟು, ಹಾರ ಹಾಕಿ, ತಾಲೂಕಿನ ಉತ್ತಮ ರೈತ ಮಹಿಳೆ ಎಂದು ಸನ್ಮಾನಿಸುತ್ತೇವೆ.

"ನಮ್ಮಾಕೀನ?" ಎಂದ. ಮುಖವೆಲ್ಲ ನಗೆ. "ಆಕೀಗೆ ಈಗ ಹೇಳಬ್ಯಾಡ್ರಿ. ಅವತ್ತ ಆಕಿ ಮುಖ ಹೆಂಗಾಗತೈತಿ ನೋಡೂಣು."

"ಆನೆ ಅಂತೀರಲ್ಲ?"

"ಐದ ದಿನ ಅಲ್ರಿ? ಮಂಚಿಗಿ ಮ್ಯಾಲ ಕುಂತ ಡಬ್ಬಿ ಬಡದು ಕಾಯ್ತೇನಿ. ಬುಧವಾರ ಕೊಯ್ದರಾತು."

ಇಷ್ಟು ಖುಷಿ ನನಗೆ ನೌಕರಿ ಸಿಕ್ಕ ದಿನವೂ ಆಗಿರಲಿಲ್ಲ.

ನವೆಂಬರ್ ೧೪. ಭಾನುವಾರ

ಶಾಮಿಯಾನಾದವನಿಗೆ ಹೇಳಲು ಹೋಗಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ತಾಂಡಾ ಮಾರ್ಗದ ಕಂಡಕ್ಟರ್ ನನ್ನನ್ನು ನೋಡಿ ಕೆಳಗಿಳಿದು ಬಂದ. ನಿನ್ನೆ ರಾತ್ರಿ ಹೇಮಲಪ್ಪನನ್ನು ಆನೆ ಕೊಂದಿತು.

ನವೆಂಬರ್ ೧೫. ಸೋಮವಾರ

ಹೋಗಿ ಬಂದೆ.

ಹೊಲ ಕಾಯಲು ಕಟ್ಟಿದ ಮಂಚಿಗೆ ಮುರಿದು ಬಿದ್ದಿದೆ. ಹೊಲದ ಕಾಡಿನ ಕಡೆಯ ಮೂರನೇ ಒಂದು ಭಾಗ ನೆಲಕ್ಕೆ ಒರಗಿದೆ. ಉಳಿದದ್ದು ಹಾಗೆಯೇ ನಿಂತಿದೆ, ಸಾಲು ಸಾಲಾಗಿ.

ಚಂಪಾಬಾಯಿಯ ಸುತ್ತ ಹೆಂಗಸರಿದ್ದರು. ನಾನು ಬೇಲಿಯ ಹತ್ತಿರವೇ ನಿಂತೆ. ಗೂಳಪ್ಪ ಬಂದು ಪಕ್ಕದಲ್ಲಿ ನಿಂತ. "ಕೊಯ್ಯಾಕ ಬಂದ ಬತ್ತ ಬಿಟ್ಟು ಯಾವಾಂವರ ಮಂಚಿಗಿ ಮ್ಯಾಲ ಮಲಗ್ತಾನೇನ್ರಿ? ಹಬ್ಬದ ಕುಡಿತ ಇಳದಿದ್ದಿಲ್ಲ ಕಾಣ್ತೈತಿ" ಎಂದ.

ನಾನು ಏನೂ ಹೇಳಲಿಲ್ಲ. ಸಾವಿನ ಮನೆಯ ಮುಂದೆ ಏನು ಹೇಳುವುದು?

ನವೆಂಬರ್ ೧೬. ಮಂಗಳವಾರ

ಕ್ಷೇತ್ರೋತ್ಸವ ರದ್ದು. ಜಿಲ್ಲೆಯ ಸಾಹೇಬರು ಬೇರೆ ಊರಿನ ಕಬ್ಬು ನೋಡಿಕೊಂಡು ಹೋದರು.

ಸೀರೆ ನನ್ನ ಕೋಣೆಯಲ್ಲೇ ಇದೆ.

ನವೆಂಬರ್ ೨೯. ಸೋಮವಾರ

ವರದಿ ಕಳಿಸಬೇಕು. ಇಳುವರಿ ಎಕರೆಗೆ ಇಪ್ಪತ್ತೆರಡು ಕ್ವಿಂಟಲ್ ಎಂದು ಬರೆದು ಪೆನ್ನು ನಿಲ್ಲಿಸಿದೆ. ಅಂದಾನೆಪ್ಪ ಸಾಹೇಬರು ಪಕ್ಕದ ಕುರ್ಚಿಗೆ ಬಂದು ಕೂತರು.

"ಚೌಕದಾಗ ಬಂದದ್ದು ಖರೇನೋ ಸುಳ್ಳೋ?"

"ಖರೇನ್ರಿ."

"ಮತ್ತ ಬರೀ. ಸಾವು ಅರಣ್ಯದವರ ಫೈಲು, ಇಳುವರಿ ನಮ್ಮ ಫೈಲು. ಎರಡೂ ಕೂಡಸಬ್ಯಾಡ ತಂಗಿ."

ಒಳ್ಳೆಯ ಮನುಷ್ಯ. ನನ್ನ ಒಳ್ಳೆಯದಕ್ಕೇ ಹೇಳಿದ್ದು. ಸಹಿ ಮಾಡಿದೆ. 'ಕೊಯ್ಲು ದಿನಾಂಕ' ಎಂಬ ಕಾಲಮ್ಮಿನಲ್ಲಿ ಚೌಕ ಕೊಯ್ದ ದಿನವನ್ನೇ ಹಾಕಿದೆ.

ಡಿಸೆಂಬರ್ ೬. ಸೋಮವಾರ

ಪಾಕ್ಷಿಕ ಭೇಟಿಯ ಪಟ್ಟಿಯಲ್ಲಿ ಬೇಣದ ತಾಂಡಾ ಇತ್ತು. ಬಸ್ಸು ತಪ್ಪಿತು.

ಡಿಸೆಂಬರ್ ೨೦. ಸೋಮವಾರ

ಇವತ್ತೂ ಹೋಗಲಿಲ್ಲ. ಭೇಟಿ ಮಾಡಿದೆನೆಂದು ಪುಸ್ತಕದಲ್ಲಿ ಬರೆದೆ.

ಡಿಸೆಂಬರ್ ೨೮. ಮಂಗಳವಾರ

ಬಾಡಿಗೆ ಮನೆಯ ಒಡತಿ ಶಿವಗಂಗವ್ವ ಇವತ್ತು ನೇರವಾಗಿ ಕೇಳಿದಳು. ತಿಂಗಳೊಪ್ಪತ್ತಿನಿಂದ ಅನ್ನ ಅರ್ಧಕ್ಕೆ ಬಿಟ್ಟು ಏಳುತ್ತೇನಂತೆ. ಹೇಳಿಬಿಟ್ಟೆ. ಕೊಯ್ಲು ತಡೆದದ್ದು ಯಾರು ಎಂದು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ಹೇಳುವಾಗ ನನ್ನ ದನಿ ವರದಿ ಓದುವ ದನಿಯಂತೆ ಇತ್ತು.

ಅವಳು ತಾಟು ತೊಳೆಯುತ್ತಲೇ ಕೇಳಿದಳು. "ಈಗ ಹೇಳಿದ್ರ ಸತ್ತಾಂವ ಎದ್ದು ಬರ್ತಾನೇನು? ಹುಚ್ಚಿ ಆಗಬ್ಯಾಡ. ಆನಿ ಕರದವಳು ನೀ ಏನಲ್ಲ. ನೌಕರಿ ನೋಡ್ಕೊ."

ಸರಿಯೇ. ಆನೆಯನ್ನು ನಾನು ಕರೆದಿರಲಿಲ್ಲ.

ಜನವರಿ ೧೫, ೨೦೦೦. ಶನಿವಾರ

ಸಂಕ್ರಾಂತಿ. ಎಳ್ಳು ಬೆಲ್ಲ ಕಟ್ಟಿಕೊಂಡು ತಾಂಡಾಕ್ಕೆ ಹೋದೆ. ಎರಡು ತಿಂಗಳ ನಂತರ.

ಚಂಪಾಬಾಯಿಯ ಕೈಯಲ್ಲಿ ಬಳೆಗಳಿಲ್ಲ. ಬಳೆ ಇದ್ದಷ್ಟು ಉದ್ದ ಚರ್ಮ ಬೆಳ್ಳಗಿದೆ, ಬೇರೆ ಯಾರದೋ ಕೈ ಇದ್ದ ಹಾಗೆ. ಕೂಡಲು ಚಾಪೆ ಹಾಕಿದರು. ಚಹಾ ಬೇಡವೆಂದರೂ ಮಾಡಿದರು. ಉಳಿದ ಭತ್ತವನ್ನು ಓಣಿಯ ಹೆಂಗಸರೇ ಬಂದು ಕೊಯ್ದುಕೊಟ್ಟರಂತೆ. ಹದಿನಾಲ್ಕು ಚೀಲ ತುಂಬಿತಂತೆ.

"ಈ ವರ್ಷ ಅಕ್ಕಿ ಹೋಳಿ ದಾಟಿ ಬರ್ತಾವ್ರಿ ಅಕ್ಕೋರ" ಎಂದರು. "ಉಣ್ಣೂ ಮಂದೀನೂ ಕಡಿಮಿ ಆದ್ರಲ್ಲ."

ಚಹಾದ ಬಟ್ಟಲು ನನ್ನ ಕೈಗಿಟ್ಟು ಮತ್ತೆ ಅವರೇ: "ಶುಕ್ರವಾರಕ್ಕ ಆಳು ಹೇಳಿ ಬಂದಿದ್ದೆ. ಬಂದ್ರ 'ತಡೀ, ಬುಧವಾರ ಕೊಯ್ಯೂಣು' ಅಂದ್ರು. ಯಾಕ ಅಂದ್ರ ಹೇಳಲಿಲ್ಲ. ಆಳುಗೋಳನ್ನ ಹೊಳ್ಳಿ ಕಳಸೂ ಮುಂದ ಓಣ್ಯಾಗ ಎಷ್ಟ ನಾಚಿಕಿ ಆತು. ಸೋಮಾರಿ ಮನಶ್ಯಾ."

ಮಾಲವ್ವ ಬಾಗಿಲಲ್ಲೇ ಇದ್ದಳು. "ನಮ್ಮಣ್ಣ ಅಂತ ಅನ್ನಬಾರದು. ಕುಡಿಯೂದು ಇತ್ತಲ್ಲ" ಎಂದಳು.

ಮೇಘಾ ಒಳಗೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ಅವಳ ಮುಂದೆ ಎಳ್ಳು ಬೆಲ್ಲ ಹಿಡಿದೆ. ತೆಗೆದುಕೊಳ್ಳಲಿಲ್ಲ.

ಹೇಳಬೇಕಾದದ್ದು ಬಾಯಿಯ ತನಕ ಬಂದಿತ್ತು. ಚಹಾ ಕುಡಿದು ಎದ್ದು ಬಂದೆ.

ಫೆಬ್ರುವರಿ ೧. ಮಂಗಳವಾರ

ನನಗೆ ಪ್ರಶಂಸಾ ಪತ್ರ ಬಂದಿದೆ. ಕಚೇರಿಯಲ್ಲಿ ಪೇಡೆ ಹಂಚಿದರು. ಬರುವ ಮುಂಗಾರಿಗೆ ಬೇಣದ ತಾಂಡಾದ ಎಲ್ಲ ಮೂವತ್ತೆಂಟು ಮನೆಗೂ ಇದೇ ತಳಿ ಹಾಕಿಸಬೇಕೆಂದು ಗುರಿ ಕೊಟ್ಟಿದ್ದಾರೆ. ಕೈತೋಟ ಎಂದು ನಕ್ಕವರೇ ಇವತ್ತು ಎದ್ದು ಬಂದು ಕೈ ಕುಲುಕಿದರು.

ಮನೆಗೊಂದು ಎಕರೆಯಂತೆ ಮೂವತ್ತೆಂಟು ಎಕರೆ ಭತ್ತ ಕಾರ್ತೀಕದಲ್ಲಿ ನಿಂತರೆ ಮೂವತ್ತೆಂಟು ಮಂಚಿಗೆ. ಪ್ರತಿ ಮಂಚಿಗೆಯ ಮೇಲೆ ಒಬ್ಬೊಬ್ಬರು.

ಅಂದಾನೆಪ್ಪ ಸಾಹೇಬರಿಗೆ ಇದನ್ನು ಹೇಳಿದೆ. "ಆನೆ ಪ್ರತಿ ವರ್ಷ ಕೊಲ್ಲಂಗಿಲ್ಲ ತಂಗಿ" ಎಂದರು. ಎರಡು ತಿಂಗಳ ಹಿಂದಾದರೆ ಆ ಉತ್ತರ ನನಗೂ ಸಾಕಾಗುತ್ತಿತ್ತು.

ಫೆಬ್ರುವರಿ ೧೩. ಭಾನುವಾರ

ಹೇಳಿದೆ.

ಚಂಪಾಬಾಯಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಬೇರೆ ಯಾರೂ ಇರಲಿಲ್ಲ. ಚಾಪೆ ಹಾಕಲು ಏಳುತ್ತಿದ್ದವರನ್ನು ತಡೆದು ನೆಲದ ಮೇಲೆ ಎದುರಿಗೆ ಕೂತೆ.

"ಚಂಪಾಬಾಯಿ, ಶುಕ್ರವಾರ ಕೊಯ್ಲು ತಡದದ್ದು ಅವರಲ್ರಿ. ನಾನು."

ಅವರ ಕೈ ಅಕ್ಕಿಯ ಮೇಲೆ ನಿಂತಿತು. ಸಾಹೇಬರು ಬರುವ ವಿಷಯ, ನಿಂತ ಪೈರು ತೋರಿಸಬೇಕೆಂದು ನಾನು ಕೇಳಿದ್ದು, ಹೇಮಲಪ್ಪನವರು ಕುಡುಗೋಲು ಕೆಳಗಿಟ್ಟದ್ದು, ಒಂದೊಂದೇ ಹೇಳಿದೆ.

"ನನಗ್ಯಾಕ ಹೇಳಲಿಲ್ಲ ಅವ್ರು?"

"ಆ ಮಂಗಳವಾರ ನಿಮ್ಮನ್ನ ವೇದಿಕಿ ಮ್ಯಾಲ ಕೂಡ್ರಿಸಿ ಸೀರಿ ಕೊಡೂದಿತ್ರಿ. ನಿಮಗ ಮೊದಲ ಹೇಳಬ್ಯಾಡ್ರಿ ಅಂದ್ರು. ನಿಮ್ಮ ಮುಖ ಹೆಂಗಾಗತೈತಿ ಅವತ್ತ ನೋಡಬೇಕು ಅಂದ್ರು."

ಅವರು ಮೊರದಿಂದ ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದರು. ಕೋಳಿ ಓಡಿಬಂದು ಅದನ್ನು ಕೆದಕಿತು.

"ನಕ್ರೇನು, ಹಂಗ ಅನ್ನೂ ಮುಂದ?"

"ನಕ್ರು."

"ನನ್ನ ಮುಂದೂ ನಕ್ರು. ಯಾಕ ತಡೀತೀರಿ ಅಂತ ನಾ ಕೇಳಿದ್ರ ನಕ್ಕು ಸುಮ್ಮನಾದ್ರು. ಸಿಟ್ಟ ಬಂತು ನನಗ. ಶನಿವಾರ ಹೊಲಕ್ಕ ಹೋಗೂ ಮುಂದ ರೊಟ್ಟಿ ಕಟ್ಟಿಕೊಟ್ಟೆ. ಮಾರಿ ನೋಡಿ ಕೊಡಲಿಲ್ಲ. 'ಹೋಗ, ಸೋಮಾರಿ' ಅಂದೆ. ಅದ ಕಡೀ ಮಾತು."

ಅವರು ಅಳಲಿಲ್ಲ. ನಾನು ಅತ್ತೆ. ಅದಕ್ಕೆ ಈಗ ನಾಚಿಕೆಯಾಗುತ್ತಿದೆ. ಅಳುವ ಹಕ್ಕು ಅಲ್ಲಿ ನನಗಿರಲಿಲ್ಲ. ಚೀಲದಲ್ಲಿದ್ದ ಸೀರೆ ತೆಗೆದು ಎದುರಿಗಿಟ್ಟೆ. ಅವರು ಅದನ್ನು ಮುಟ್ಟದೆ ನೋಡಿದರು.

"ಇದನ್ನ ಹೊಳ್ಳಿ ಒಯ್ರಿ. ಮೂರ ತಿಂಗಳ ಗೊತ್ತಿತ್ತು ನಿಮಗ."

"ಹೌದ್ರಿ."

"ಮೇಘಾ ಸಾಲಿ ಬಿಟ್ಟಾಳ. ಅಲ್ಲೆ ಹುಡುಗೋರು ಕುಡುಕನ ಮಗಳು ಅಂತಾರಂತ. ನಾನೂ ಏನೂ ಅನ್ನಲಿಲ್ಲ. ನಾನೂ ಹಂಗ ತಿಳದಿದ್ದೆ." ಮೊರವನ್ನು ಪಕ್ಕಕ್ಕೆ ಸರಿಸಿದರು. "ನನಗೊಬ್ಬಾಕಿಗೆ ಹೇಳಿದ್ರ ಮುಗಿಯಂಗಿಲ್ರಿ ಇದು. ಮರದ ಬುಡಕ ಮಂದಿ ಕೂಡ್ಸಿ ಹೇಳ್ರಿ. ಬೀಜದ ಮಾತು ಹೇಳಾಕ ಕೂಡ್ಸಿದ್ರಲ್ಲ, ಹಂಗ."

ಫೆಬ್ರುವರಿ ೧೯. ಶನಿವಾರ

ನಾಳೆ. ಅಂದಾನೆಪ್ಪ ಸಾಹೇಬರಿಗೆ ಇವತ್ತು ತಿಳಿಸಿದೆ. "ವರದಿಗೆ ಸಹಿ ಮಾಡಿದಾಕಿ ನೀನ. ಈಗ ಊರ ಮುಂದ ಬ್ಯಾರೆ ಹೇಳಿದ್ರ ನಾ ಉಳಸಾಕ ಆಗಂಗಿಲ್ಲ" ಎಂದರು. ಗದರಿಸಲಿಲ್ಲ. ಕನ್ನಡಕ ತೆಗೆದು ಒರೆಸುತ್ತ ಕೂತರು.

ಫೆಬ್ರುವರಿ ೨೦. ಭಾನುವಾರ

ಗೂಳಪ್ಪನವರು ಎಲ್ಲರಿಗೂ ಹೇಳಿ ಕಳಿಸಿದ್ದರು. ಹೆಚ್ಚುಕಡಿಮೆ ಎಲ್ಲ ಮನೆಯವರೂ ಬಂದಿದ್ದರು. ಬೀಜದ ಸಭೆಗೆ ಇಷ್ಟು ಜನ ಯಾವತ್ತೂ ಬಂದಿರಲಿಲ್ಲ. ಚಂಪಾಬಾಯಿ ಮುಂದೆ ಕೂತಿದ್ದರು, ಮೇಘಾಳನ್ನು ತೊಡೆಗೆ ಒತ್ತಿಕೊಂಡು.

ನಿಂತು ಹೇಳಿದೆ. ಎರಡು ಸಲ ನಿಲ್ಲಿಸಿ ಮತ್ತೆ ಶುರುಮಾಡಿದೆ.

ಮುಗಿದ ಮೇಲೆ ಗೂಳಪ್ಪನವರು, "ಆನಿ ಬರ್ತಾವಂತ ನಾವು ಮೊದಲ ಹೇಳಿದ್ವಲ್ರಿ ನಿಮಗ" ಎಂದರು.

"ಹೇಳಿದ್ರಿ. ಬರಕೊಂಡೆ. ಕೇಳಲಿಲ್ಲ."

"ಮಳಿಗಾಲಕ್ಕ ಮತ್ತ ಆ ಬೀಜ ತರ್ತೀರೇನು?"

"ತಾ ಅಂದಾರ್ರಿ. ನಾ ತರಂಗಿಲ್ಲ. ಬ್ಯಾರೆಯವರು ತಂದ್ರ ಎಷ್ಟ ದಿನದ ಬೆಳಿ ಅಂತ ಕೇಳ್ರಿ. ಕೇಳಿ, ನೀವ ಲೆಕ್ಕಾ ಹಾಕ್ರಿ."

ಹಿಂದಿನಿಂದ ಯಾರೋ ಒಬ್ಬ ಎದ್ದು ಕೆಟ್ಟ ಮಾತು ಬೈದ. ಯಾರಾದರೂ ಅವನನ್ನು ತಡೆಯಲಿ ಎಂದು ನನಗನ್ನಿಸಲಿಲ್ಲ. ಮಾಲವ್ವ ಸೆರಗು ಬಾಯಿಗೊತ್ತಿಕೊಂಡು ಅಣ್ಣನ ಹೆಸರು ಹಿಡಿದು ಅಳತೊಡಗಿದಳು. ಮೂರು ತಿಂಗಳಿಂದ ಅವಳು ಅತ್ತಿರಲೇ ಇಲ್ಲವಂತೆ.

ಆಗ ಮೇಘಾ ಎದ್ದು ನನ್ನ ಹತ್ತಿರ ಬಂದಳು. ಗಟ್ಟಿಯಾಗಿಯೇ ಕೇಳಿದಳು: "ಅಪ್ಪಾ ಕುಡದಿದ್ದಿಲ್ಲೇನ್ರಿ?"

ಇಲ್ಲ ಎನ್ನುವುದು ಬಹಳ ಸುಲಭವಿತ್ತು. ಎಲ್ಲರೂ ಅದನ್ನೇ ಕಾಯುತ್ತಿದ್ದರು, ಚಂಪಾಬಾಯಿಯೂ.

"ಆ ರಾತ್ರಿ ನಾ ಇದ್ದಿಲ್ಲ ಮೇಘಾ. ಅದು ನನಗ ಗೊತ್ತಿಲ್ಲ. ನನಗ ಗೊತ್ತಿದ್ದಷ್ಟ ಹೇಳ್ತೇನಿ. ನಿಮ್ಮಪ್ಪ ಗುರುವಾರನ ಕುಡುಗೋಲು ಮಸದಿದ್ರು. ನಾ ತಡೀರಿ ಅಂದೆ, ಅದಕ್ಕ ತಡದ್ರು. ನಿಮ್ಮವ್ವಗ ಹಾರ ಹಾಕೂದು ನೋಡಬೇಕಂತ ಕಾದ್ರು."

ಅವಳು ಅದನ್ನು ಅಜ್ಜಿಯರ ಕಡೆ ತಿರುಗಿ ತಮ್ಮ ಮಾತಿನಲ್ಲಿ ಹೇಳಿದಳು. ಒಂದೊಂದೇ ವಾಕ್ಯ, ನಿಧಾನವಾಗಿ. ನನಗೆ ಅರ್ಥವಾದದ್ದು 'ಹಾರ' ಎಂಬ ಒಂದು ಶಬ್ದ ಮಾತ್ರ.

ಮಾರ್ಚ್ ೬. ಸೋಮವಾರ

ನೋಟಿಸು ಬಂತು, ಉತ್ತರ ಕೊಟ್ಟೆ. ಅದರ ಬೆನ್ನಿಗೇ ವರ್ಗಾವಣೆ. ಜೊಯಿಡಾ ತಾಲೂಕು, ಕುಂಬಾರವಾಡ. ದಿನಕ್ಕೆ ಎರಡು ಬಸ್ಸು ಅಂತೆ. ಶಿವಗಂಗವ್ವ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ರೊಟ್ಟಿ ಚಟ್ನಿಪುಡಿ ಕಟ್ಟಿಕೊಟ್ಟಳು.

ಬೇಣದ ತಾಂಡಾವನ್ನು ಈ ವರ್ಷ ಗುರಿಯಿಂದ ಕೈಬಿಟ್ಟಿದ್ದಾರೆ. ಆ ಬೀಜ ಇನ್ನೊಂದು ಊರಿಗೆ ಹೋಗುತ್ತದೆ. ಅದೂ ಕಾಡಂಚಿನದೇ. ಆ ಊರಿಗೆ ಹೋಗುವ ಸಹಾಯಕರಿಗೆ ಇಲ್ಲಿ ನಡೆದದ್ದನ್ನು ಎರಡು ಪುಟ ಬರೆದು ಕೊಟ್ಟೆ. ಮಡಚಿ ಜೇಬಿನಲ್ಲಿಟ್ಟುಕೊಂಡರು. ಓದುತ್ತಾರೋ ಇಲ್ಲವೋ.

ಮಾರ್ಚ್ ೧೩. ಸೋಮವಾರ

ಬೆಳಿಗ್ಗೆ ತಾಂಡಾಕ್ಕೆ ಹೋಗಿದ್ದೆ, ಹೇಳಿ ಬರೋಣವೆಂದು. ಮನೆಯವರೆಗೆ ಹೋಗುವ ಧೈರ್ಯವಿರಲಿಲ್ಲ, ಬಸ್ಸು ನಿಲ್ಲುವ ರಸ್ತೆಯ ಕೂಟಿನಲ್ಲೇ ನಿಂತಿದ್ದೆ. ಚಂಪಾಬಾಯಿ ಮೇಘಾಳ ಜೊತೆ ಅತ್ತಲಿಂದ ಬಂದರು. ಮೇಘಾ ನೀಲಿ ಲಂಗ, ಬಿಳಿ ಅಂಗಿಯಲ್ಲಿದ್ದಳು. ಶಾಲೆಯ ಬಾಗಿಲವರೆಗೂ ಇವರು ದಿನಾ ಬಿಟ್ಟು ಬರುತ್ತಾರಂತೆ.

ವರ್ಗವಾದದ್ದು ಹೇಳಿದೆ. ಅವರು ತಲೆ ಆಡಿಸಿದರು.

"ಅಲ್ಲೂ ಬತ್ತ ಐತೇನ್ರಿ?"

"ಐತಿ. ಅಡವೀನೂ ಐತಿ."

ಅವರು ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟು ಇರಲಿಲ್ಲ. ಕ್ಷಮೆಯೂ ಇರಲಿಲ್ಲ.

"ನೀವು ಕೆಟ್ಟ ಮಂದಿ ಆಗಿದ್ರ ಚಲೋ ಇತ್ರಿ ಅಕ್ಕೋರ" ಎಂದರು. "ಅವ್ರು ನಿಮ್ಮ ಮಾತು ಕೇಳ್ತಿದ್ದಿಲ್ಲ."

ಬಸ್ಸು ಬಂತು. ಹತ್ತಿದೆ. ಬಾ ಎಂದು ಅವರು ಹೇಳಲಿಲ್ಲ, ಬರುತ್ತೇನೆಂದು ನಾನೂ ಹೇಳಲಿಲ್ಲ.

ಹಿಂದಿನ ಕಿಟಕಿಯಿಂದ ನೋಡಿದೆ. ಶಾಲೆಯ ಗಂಟೆ ಹೊಡೆಯುತ್ತಿತ್ತು. ತಾಯಿ ಮಗಳು ಕೈ ಹಿಡಿದು ಓಡುತ್ತಿದ್ದರು.